ಕ್ಯಾಮರಾದೊಳಗಿನವರಿಗೆ ಬಡಿಸದೆ

ಬೆಳಂಬಾರ
9 ಸೆಪ್ಟೆಂಬರ್ 2025

ಸುಗಂಧಕ್ಕಾ,

ಅದೆಲ್ಲ ಸರಿ, ಆದರೂ ಗ್ರೂಪಿನಿಂದ ನನ್ನನ್ನು ತೆಗೆದುಹಾಕಿದ್ದು ನ್ಯಾಯ ಅಂತ ನಾನು ಒಪ್ಪುವುದಿಲ್ಲ. ಒಂದೇ ಬೆಳಿಗ್ಗೆ ಅಷ್ಟು ಮೆಸೇಜು ಹಾಕಬಾರದಿತ್ತು, ಒಪ್ಪಿದೆ. ಆದರೆ ನಿಮ್ಮ ಚಾನೆಲ್ಲಿನ ಗ್ರೂಪಿನಲ್ಲಿ ಕಾರ್ಯಕ್ರಮದ ಬಗ್ಗೆ ಮಾತಾಡುತ್ತಿದ್ದವಳು ನಾನೊಬ್ಬಳೇ. ಉಳಿದವರು ಹಾಕುವುದು ಗುಲಾಬಿ ಹೂವು, ಅದರ ಮೇಲೆ ಶುಭೋದಯ. ಹೂವಿನವರನ್ನು ಇಟ್ಟುಕೊಂಡು ನನ್ನನ್ನು ಹೊರಗೆ ಹಾಕಿದಿರಿ. ಅದಕ್ಕೇ ಈ ಕಾಗದ. ಶಾಲೆಯ ರಜೆ ಚೀಟಿ ಬಿಟ್ಟರೆ ನಾನು ಕಾಗದ ಬರೆದವಳೇ ಅಲ್ಲ. ಇದರಲ್ಲಿ ನೀಲಿ ಗೀಟು ಬರುವುದಿಲ್ಲ. ನೀವು ಓದಿದಿರೋ ಇಲ್ಲವೋ ಅಂತ ಅಂಚೆಯವನನ್ನು ಕೇಳಬೇಕಾ?

ನಾನು ಮಾನಸಾ. ಹತ್ತೊಂಬತ್ತು ವರ್ಷ. ಅಂಕೋಲೆಯ ಜೆರಾಕ್ಸ್ ಅಂಗಡಿಯಲ್ಲಿ ಕೆಲಸ. ಬೆಳಿಗ್ಗೆ ಬಸ್ಸಿಗೆ ಮುಂಚೆ ಬದನೆ, ಹರಿವೆಗೆ ನೀರು ಹಾಕುವುದೂ ನನ್ನದೇ. ಮನೆಯಲ್ಲಿ ನನ್ನ ಹೆತ್ತ ಅವ್ವಿ ಮತ್ತು ದುರ್ಗಿ ಅಜ್ಜಿ. ನೀವು ಸಂಜೆ ಕಾರವಾರದ ಸುದ್ದಿ ಓದುತ್ತಿದ್ದಾಗಿನಿಂದ ನಾವು ನಿಮ್ಮ ಪೈಕಿ. ಕರೆಂಟು ಹೋದರೆ ಅಜ್ಜಿ "ಸುಗಂಧಾ ಅರ್ಧಕ್ಕೇ ಹೋಯ್ತು" ಅನ್ನುತ್ತಾಳೆ, ಕರೆಂಟು ಹೋಯ್ತು ಅನ್ನುವುದಿಲ್ಲ.

ಈಗ ನಿಮ್ಮದೇ ಕಾರ್ಯಕ್ರಮ "ಆಸ್ರಿ ಆಯ್ತಾ?" ಶುರುವಾಗುತ್ತದೆ ಅಂದಾಗ ನಾನು ಎಷ್ಟು ಜನರಿಗೆ ಹೇಳಿದ್ದೆ ಗೊತ್ತಾ! ಬೆಳಿಗ್ಗೆ ಏಳೂವರೆಗೆ, ಚಾ ತಿಂಡಿಯ ಹೊತ್ತಿಗೇ, ದಿನಕ್ಕೊಂದು ಮನೆ, ಅವರು ಏನು ಆಸ್ರಿ ಮಾಡುತ್ತಾರೆ, ಹೇಗೆ ತಿನ್ನುತ್ತಾರೆ, ಎಲ್ಲ ಲೈವ್. ಕೇಳಲಿಕ್ಕೆ ಎಷ್ಟು ಚಂದ.

ಆದರೆ ಅಕ್ಕಾ, ಮೊದಲ ದಿನ ಬೈತಖೋಲದ ಆ ಮನೆಯಲ್ಲಿ ಆದದ್ದೇನು? ದೋಸೆ ಹೊಯ್ದರು, ಚಟ್ನಿ ಇಟ್ಟರು, ಮನೆಯವರೆಲ್ಲ ಸಾಲಾಗಿ ಕೂತರು, ಒಬ್ಬರೂ ಕೈ ಹಾಕಲಿಲ್ಲ. ನೀವು "ತಿನ್ನಿ, ತಿನ್ನಿ" ಅನ್ನುತ್ತೀರಿ, ಅವರು "ನಮ್ದು ಆಯ್ತು" ಅನ್ನುತ್ತಾರೆ. ಅರ್ಧ ತಾಸು ಮುಟ್ಟದ ದೋಸೆ ನೋಡಿದೆವು. ಕಡೆಗೆ ಒಂದು ನೊಣ ಬಂತು. ಇಡೀ ಕಾರ್ಯಕ್ರಮದಲ್ಲಿ ಸಂಕೋಚವಿಲ್ಲದೆ ಆಸ್ರಿ ಮಾಡಿದ್ದು ಅದೊಂದೇ.

ಎರಡನೇ ದಿನದ ಮುದುಕಿ ನಿಮಗೆ ನೇರವಾಗಿ ಹೇಳಿದರಲ್ಲ: "ಆ ಕ್ಯಾಮರದ ಒಳ್ಗೆ ಅಷ್ಟೊಂದು ಜನ ಕೂತು ನೋಡ್ತೆ ಅವ್ರೆ. ಅವ್ರಿಗೆ ಬಡಿಸ್ದೆ ನಾ ಒಬ್ಳೇ ಹ್ಯಾಂಗೆ ತಿಂಬುದು ತಂಗಿ? ನಂಗೆ ಗಂಟ್ಲಲ್ಲಿ ಇಳೀತದ್ಯಾ?"

ಇಲ್ಲಿ ನಮ್ಮ ಅಜ್ಜಿ ಟಿವಿಗೆ, "ಹೌದು ಹೇಳು" ಅಂದಳು.

ಇದು ಶಾಂತಾರಾಮಣ್ಣನಿಗೆ ಗೊತ್ತಿಲ್ಲವಾ? ಚಾನೆಲ್ಲಿನ ಮಾಲಕರಾದರೇನು, ಅವರೂ ಇದೇ ಊರಿನವರು. ನೆಂಟರು ಬಾಯಿಗೆ ಹಾಕದೆ ನಮ್ಮಲ್ಲಿ ಯಾರು ತಿನ್ನುತ್ತಾರೆ? ಎದುರಿಗೆ ಕೂತವರ ಕಣ್ಣಿಗೆ ಬೀಳುತ್ತಾ ತಿಂದರೆ ದೃಷ್ಟಿ ಅಂತ ಬೇರೆ. ದೊಡ್ಡ ಚಾನೆಲ್ಲುಗಳಲ್ಲಿ ತಿನ್ನುತ್ತಾರೆ ಅಂತ ನೋಡಿ ಮಾಡಿದರೆ ಹೀಗೇ ಆಗುವುದು.

ನಾನು ಹೇಳುತ್ತೇನೆ ಕೇಳಿ. ಅವರಿಗೆ ತಿನ್ನಿ ಅನ್ನಬೇಡಿ. ನೀವೇ ತಿನ್ನಿ. ಆ ಮನೆಗೆ ನೆಂಟರು ನೀವು ತಾನೇ?

ಉತ್ತರ ಬರೆಯದಿದ್ದರೂ ನೋಡುತ್ತಿರುತ್ತೇನೆ.

ನಿಮ್ಮ ಗ್ರೂಪಿನ ಹೊರಗಿನ,
ಮಾನಸಾ


ಕಾರವಾರ
16 ಸೆಪ್ಟೆಂಬರ್ 2025

ಪ್ರೀತಿಯ ಮಾನಸಾ,

ಓದಿದೆ. ಗಾಡಿಯಲ್ಲಿ ಗಟ್ಟಿಯಾಗಿ ಓದಿದೆ. ನೊಣದ ಮಾತು ಬಂದಾಗ ನಮ್ಮ ಕ್ಯಾಮರಾ ಹಿಡಿಯುವ ಸುಜಯ ನಕ್ಕು ನಕ್ಕು ಗಾಡಿ ಬದಿಗೆ ಹಾಕಿದ. ಆ ನೊಣವನ್ನು ಹತ್ತಿರದಿಂದ ತೋರಿಸಿದವನು ಅವನೇ. ತೋರಿಸಲಿಕ್ಕೆ ಬೇರೆ ಏನೂ ಇರಲಿಲ್ಲವಂತೆ.

ನಿನ್ನನ್ನು ಗ್ರೂಪಿನಿಂದ ತೆಗೆದದ್ದು ನಾನಲ್ಲ, ಶಾಂತಾರಾಮಣ್ಣ. ಅವರ ಫೋನು ಬಿಸಿಯಾಗಿತ್ತಂತೆ. ನನಗೆ ಕಾಗದವೇ ಅನುಕೂಲ. ಬೆಳಿಗ್ಗೆ ನಾಲ್ಕಕ್ಕೆ ಎದ್ದು ಹೊರಡುವವಳಿಗೆ ಫೋನು ನೋಡುವಷ್ಟು ಕಣ್ಣು ಉಳಿಯುವುದಿಲ್ಲ.

ಇಪ್ಪತ್ತು ವರ್ಷ ಬೇರೆಯವರು ಬರೆದ ಸುದ್ದಿ ಓದಿದೆ. ಇದೊಂದು ಕಾರ್ಯಕ್ರಮ ನಾನೇ ಯೋಚಿಸಿದ್ದು, ಹೆಸರೂ ನನ್ನದೇ. ದೀಪಾವಳಿಯೊಳಗೆ ಜನ ನೋಡದಿದ್ದರೆ ನಿಲ್ಲಿಸುತ್ತೇನೆ ಎಂದು ಶಾಂತಾರಾಮಣ್ಣ ಹೇಳಿಬಿಟ್ಟಿದ್ದಾರೆ. ನಿಂತರೆ ಮತ್ತೆ ಸುದ್ದಿಗೆ ಹೋಗುವಂತಿಲ್ಲ. ಆ ಕುರ್ಚಿಯಲ್ಲಿ ಈಗ ರೂಪಾಲಿ ಎಂಬ ಹುಡುಗಿ ಕೂತಿದ್ದಾಳೆ, ಚೆನ್ನಾಗಿ ಓದುತ್ತಾಳೆ.

ನೀನು ಹೇಳಿದ್ದನ್ನು ಮಾಡಿ ನೋಡುತ್ತೇನೆ. ನನಗೆ ಬೆಳಿಗ್ಗೆ ಹೆಚ್ಚು ತಿಂದು ರೂಢಿಯಿಲ್ಲ. ಒಂದು ಹಿಡಿ ಅವಲಕ್ಕಿ, ಸಕ್ಕರೆಯಿಲ್ಲದ ಚಾ, ಅಷ್ಟೇ. ನಾನು ತಿನ್ನುವುದನ್ನು ಯಾರಾದರೂ ಯಾಕೆ ನೋಡುತ್ತಾರೋ ತಿಳಿಯದು. ಆದರೂ ನೊಣಕ್ಕಿಂತ ವಾಸಿ ಇರಬಹುದು.

ಸುಗಂಧಾ


ಬೆಳಂಬಾರ
3 ಅಕ್ಟೋಬರ್ 2025

ಅಕ್ಕಾ ಅಕ್ಕಾ ಅಕ್ಕಾ,

ಹೇಳಿದೆನೋ ಇಲ್ಲವೋ!

ನಮ್ಮೂರಿನ ಕುಮಾರಣ್ಣನ ಚಾದಂಗಡಿಯಲ್ಲಿ ನಿನ್ನೆ ಬೆಳಿಗ್ಗೆ ಕೂರಲಿಕ್ಕೆ ಜಾಗ ಇರಲಿಲ್ಲ. ಮೊದಲು ಆ ಹೊತ್ತಿಗೆ ಅಲ್ಲಿ ಟಿವಿಯಲ್ಲಿ ಹಳೇ ಕುಸ್ತಿ ಹಾಕುತ್ತಿದ್ದರು. ಈಗ ಏಳೂವರೆಗೆ ಯಾರಾದರೂ ರಿಮೋಟು ಮುಟ್ಟಿದರೆ ಕೈ ಮುರಿಯುತ್ತಾರೆ.

ನೀವು ಕದ್ರಾದ ಆ ಮನೆಗೆ ಹೋದ ದಿನ ಇಡೀ ಅಂಗಡಿ ಎದ್ದು ನಿಂತಿತ್ತು. ನೀವು ತಟ್ಟೆಯ ಮೇಲೆ ಎರಡೂ ಕೈ ಅಡ್ಡ ಹಿಡಿದು "ಸಾಕು, ದೇವರಾಣೆ ಸಾಕು" ಅನ್ನುತ್ತಿದ್ದೀರಿ. ಆ ಹೆಂಗಸು, "ಇದೊಂದೇ ಅಕ್ಕಾ, ಇದು ಸಣ್ಣದು, ಇದು ಲೆಕ್ಕಕ್ಕೇ ಇಲ್ಲ" ಅಂತ ಬೆರಳುಗಳ ಸಂದಿಯಿಂದ ದೋಸೆ ತೂರಿಸಿದರಲ್ಲ!

ಇಲ್ಲಿ ಕುಮಾರಣ್ಣ, "ಕೈ ತೆಗಿಬೇಡಿ, ಅಕ್ಕಾ, ತೆಗಿಬೇಡಿ!" ಅಂತ ಟಿವಿಗೆ ಕೂಗಿದ.

ಇನ್ನೊಬ್ಬ, "ತೆಗುದ್ರೂ ಹಾಕ್ತು, ತೆಗಿದಿದ್ರೂ ಹಾಕ್ತು. ಆ ಹೆಂಗ್ಸು ನಮ್ಮ ದೊಡ್ಡಮ್ಮನ ಜಾತಿದು" ಅಂದ.

ಮತ್ತೊಬ್ಬ, "ನಾಕನೇದು ಇಳೂದಿಲ್ಲ ನೋಡು" ಅಂದ. ಇಳಿಯಿತು. ಅಂಗಡಿಯಲ್ಲಿ ಶಿಳ್ಳೆ!

ನಿಮ್ಮ ಆ ಮುಖದ ಸ್ಟಿಕ್ಕರ್ ಮಾಡಿದ್ದೇನೆ. ಕೆಳಗೆ "ಸಾಕು ಅಂದ್ರೂ ಬಿಡೂದಿಲ್ಲ" ಅಂತ ಹಾಕಿದೆ. ಅದು ಎಲ್ಲಿಂದ ಎಲ್ಲಿಗೆ ಹೋಗಿದೆ ಅಂದರೆ, ಮಡಗಾಂವಿನಲ್ಲಿರುವ ನನ್ನ ಮಾವನ ಮಗಳು ನನಗೇ ವಾಪಸು ಕಳಿಸಿದಳು, "ಇದು ನಿಮ್ಮ ಕಡೆಯವರು ಅಲ್ವಾ?" ಅಂತ. ಗ್ರೂಪೂ ಮಾಡಿದ್ದೇನೆ, ಹೆಸರು "ಸುಗಂಧಕ್ಕನ ತಟ್ಟೆ". ನಾನೇ ಅಡ್ಮಿನ್. ಹೂವು ಹಾಕಿದವರನ್ನು ಸೀದಾ ಹೊರಗೆ ಕಳಿಸುತ್ತೇನೆ. ದಿನಾ ಹಿಂದಿನ ಸಂಜೆ ಕೇಳುತ್ತೇನೆ, ನಾಳೆ ಅಕ್ಕ ಎಷ್ಟು ತಿನ್ನುತ್ತಾರೆ? ಎಲ್ಲರೂ ಅಂದಾಜು ಹೇಳುತ್ತಾರೆ. ಸರಿಯಾಗಿ ಹೇಳಿದವರಿಗೆ ನಿಮ್ಮ ಸ್ಟಿಕ್ಕರ್ ಬಹುಮಾನ.

ಅಜ್ಜಿ ಮಾತ್ರ ಕೇಳಿದಳು: "ಆ ಹುಡ್ಗಿ ಹೊಟ್ಟೆಲಿ ಎಂತ ಅದೆ, ಬಾವಿಯಾ?" ಅಜ್ಜಿಗೆ ನೀವು ಇನ್ನೂ ಹುಡುಗಿ.

ದೀಪಾವಳಿ ಹೆದರಿಕೆ ಹೋಯಿತು ತಾನೇ?

ಅಡ್ಮಿನ್,
ಮಾನಸಾ


ಕಾರವಾರ
22 ಅಕ್ಟೋಬರ್ 2025

ಪ್ರೀತಿಯ ಮಾನಸಾ,

ಹಬ್ಬದ ದಿನ ಬೆಳಿಗ್ಗೆಯೂ ಮೂರು ಮನೆಗೆ ಹೋಗಿ ಬಂದು ಬರೆಯುತ್ತಿದ್ದೇನೆ. ಹಬ್ಬದ ವಿಶೇಷವೆಂದು ಒಂದರ ಬದಲು ಮೂರು.

ಕಾರ್ಯಕ್ರಮ ನಿಲ್ಲುವುದಿಲ್ಲ. ಇನ್ನು ಮೇಲೆ ಭಾನುವಾರವೂ ಇರುತ್ತದಂತೆ. ಶಾಂತಾರಾಮಣ್ಣ ನನ್ನ ಮುಖ ಹಾಕಿ ಬಸ್‌ಸ್ಟ್ಯಾಂಡಿನ ಎದುರು ದೊಡ್ಡ ಬ್ಯಾನರು ಕಟ್ಟಿಸಿದ್ದಾರೆ. ಕೈಯಲ್ಲಿ ದೋಸೆ. ಗಾಳಿಗೆ ಬ್ಯಾನರು ಹೊಡೆದುಕೊಂಡಾಗ ನಾನೇ ಬೇಡ ಬೇಡ ಎಂದು ತಲೆ ಅಲ್ಲಾಡಿಸಿದ ಹಾಗೆ ಕಾಣುತ್ತದೆ. ಸುಜಯ ಅದನ್ನು ತೋರಿಸಿ ನಗುತ್ತಾನೆ.

ಮೀನುಪೇಟೆಯಲ್ಲಿ ಈಗ ನನ್ನ ಹತ್ತಿರ ಯಾರೂ ಸುದ್ದಿ ಕೇಳುವುದಿಲ್ಲ. "ನಮ್ಮನೆಗೆ ಯಾವಾಗ ಬತ್ರಿ? ನಿಮ್ಗೆ ಬನ್ಸು ಸೇರ್ತದ್ಯಾ, ಕೊಟ್ಟೆರೊಟ್ಟಿ ಸೇರ್ತದ್ಯಾ?" ಎಂದು ಕೇಳುತ್ತಾರೆ. ಅವರ ಕಣ್ಣಿನಲ್ಲಿ ಅಷ್ಟು ಆಸೆ ಇರುತ್ತದೆ. ಬೇಡವೆನ್ನುವ ಶಬ್ದ ನನ್ನಿಂದ ಹೊರಡುವುದಿಲ್ಲ. ಅದು ಚೆಲ್ಲಿಹೋಗುವ ಅನ್ನವಲ್ಲ ನೋಡು. ಐದು ಗಂಟೆಗೆ ಎದ್ದು, ಕಾಯಿ ತುರಿದು, ಹೊಸ ಸೀರೆ ಉಟ್ಟು ಕಾದಿರುತ್ತಾರೆ. ಎರಡನೇ ಸಲ ಬಡಿಸಿದ್ದನ್ನು ಬಿಟ್ಟರೆ ಅವರ ಮುಖ ಎಲ್ಲರೆದುರು ಸಣ್ಣಗಾಗುತ್ತದೆ. ಎಲ್ಲರೆದುರು ಅಂದರೆ ಈಗ ಕಾರವಾರ, ಅಂಕೋಲೆ ಎರಡೂ ತಾಲೂಕಿನೆದುರು.

ನಮ್ಮ ಮನೆಯಲ್ಲಿ ನಾನು ಆಸ್ರಿ ಮಾಡಿ ಎಷ್ಟು ದಿನವಾಯಿತೋ. ತಂಗಿ ಈಗ ನನ್ನ ಪಾಲಿನ ಅವಲಕ್ಕಿ ತೆಗೆದಿಡುವುದನ್ನೇ ಬಿಟ್ಟಿದ್ದಾಳೆ.

ಚಪ್ಪಲಿ ಕಚ್ಚಿ ಕಾಲ ಬೆರಳು ಹುಣ್ಣಾಗಿತ್ತು, ಮಾಗುತ್ತಲೇ ಇಲ್ಲ. ಕಾಲು ಚಾಚಿ ಕೂತರೆ ಅಲ್ಲೇ ನಿದ್ದೆ ಬರುತ್ತದೆ.

ನಿನ್ನ ಸ್ಟಿಕ್ಕರ್ ಸುಜಯ ತೋರಿಸಿದ. ಚೆನ್ನಾಗಿದೆ. ಎಷ್ಟು ತಿನ್ನುತ್ತೇನೆಂದು ಅಂದಾಜು ಹಾಕುವುದನ್ನು ಸ್ವಲ್ಪ ಕಡಿಮೆ ಮಾಡಿದರೆ ನನಗೇನೂ ಬೇಸರವಿಲ್ಲ.

ಸುಗಂಧಾ


ಬೆಳಂಬಾರ
10 ನವೆಂಬರ್ 2025

ಅಕ್ಕಾ,

ಕಡಿಮೆ ಮಾಡುವುದಾ? ಗ್ರೂಪು ತುಂಬಿ ಎರಡನೇ ಗ್ರೂಪು ಶುರು ಮಾಡಿದ್ದೇನೆ!

ಕೆಲಸದ ಮಾತಿಗೆ ಬರುತ್ತೇನೆ. ನಮ್ಮ ಮನೆಗೆ ಯಾವಾಗ? ಎಷ್ಟು ದಿನದಿಂದ ಕೇಳಬೇಕು ಅಂತಿದ್ದೆ, ಸುಮ್ಮನಿದ್ದೆ. ಈಗ ಎಲ್ಲರೂ ಕೇಳುತ್ತಾರೆ, ಅಡ್ಮಿನ್ ಮನೆಗೇ ಅಕ್ಕ ಬರಲಿಲ್ಲವಲ್ಲ ಅಂತ. ನನಗೆ ಮರ್ಯಾದೆ ಪ್ರಶ್ನೆ.

ಅವ್ವಿ ಆಗಲೇ ಶುರು ಮಾಡಿದ್ದಾಳೆ. ಅವಳು ಯಾವಾಗಲೂ ಮಾತಿಲ್ಲದವಳು. ಅಂಕೋಲೆ ಪೇಟೆಯಲ್ಲಿ ಕೂತು ಹರಿವೆ ಮಾರುವಾಗಲೂ ಕೂಗುವವಳಲ್ಲ, ಬಂದವರು ಬರಲಿ ಅಂತ ಕೂರುತ್ತಾಳೆ. ನೀವು ಬರಬಹುದು ಅಂದ ಮೇಲೆ ಗೋಡೆಗೆ ಸುಣ್ಣ ಹೊಡೆದಳು. ಆಚೆಮನೆಗೆ ಹೋಗಿ ತಾನಾಗಿ, "ಸುಗಂಧಾ ಬತ್ತು ನಮ್ಮನಿಗೆ. ಪಾಯ್ಸ ಮಾಡ್ಲೋ, ಸಿಹಿ ದೋಸೆ ಮಾಡ್ಲೋ ತಿಳೂದಿಲ್ಲ" ಅಂತ ಕೇಳಿ ಬಂದಳು. ನನ್ನ ಹತ್ತೊಂಬತ್ತು ವರ್ಷದಲ್ಲಿ ಅವ್ವಿ ಆಚೆಮನೆಗೆ ಮಾತಾಡಲಿಕ್ಕಂತಲೇ ಹೋದದ್ದು ನಾನು ನೋಡಿಲ್ಲ.

ಅಜ್ಜಿ ಒಂದು ಹೇಳಿದಳು, ನಗಬೇಡಿ: "ಅದು ಸಣ್ಣ ಆಗ್ತಾ ಹೋಗ್ತದೆ, ನೋಡಿದ್ಯಾ? ಅಷ್ಟು ತಿಂಬೋರು ಸಣ್ಣ ಆಗೂಕೆ ಹ್ಯಾಂಗೆ?" ನಾನು ಹೇಳಿದೆ, ಟಿವಿಯಲ್ಲಿ ಹಾಗೇ ಕಾಣುವುದು ಅಂತ. ಸರಿ ತಾನೇ?

ದಿನ ಹೇಳಿ, ಬೇಗ.

ಮಾನಸಾ


ಕಾರವಾರ
24 ನವೆಂಬರ್ 2025

ಮಾನಸಾ,

ಡಿಸೆಂಬರ್ ಎಂಟು, ಸೋಮವಾರ. ನಿಮ್ಮ ಮನೆ.

ಅವ್ವಿಗೆ ಹೇಳು, ಸಿಹಿ ಮಾಡುವುದು ಬೇಡ.

ಇಲ್ಲ, ಹೇಳಬೇಡ. ಅವರಿಗೆ ಏನು ಮಾಡಬೇಕು ಅನ್ನಿಸುತ್ತದೋ ಅದನ್ನೇ ಮಾಡಲಿ.

ಸುಗಂಧಾ


ಕಾರವಾರ
5 ಡಿಸೆಂಬರ್ 2025

ಮಾನಸಾ ಅವರಿಗೆ,

ನಾನು ಸುಜಯ, ಕ್ಯಾಮರಾ ಹಿಡಿಯುವವನು. ನಿಮ್ಮ ಪತ್ರಗಳನ್ನು ಅಕ್ಕ ಗಾಡಿಯಲ್ಲಿ ಓದಿ ಹೇಳುತ್ತಿದ್ದರು, ಹಾಗಾಗಿ ಪರಿಚಯವಿದ್ದ ಹಾಗೇ ಬರೆಯುತ್ತಿದ್ದೇನೆ.

ಬುಧವಾರ ಬೆಳಿಗ್ಗೆ ಕಾರ್ಯಕ್ರಮದ ನಡುವೆ ಒಮ್ಮೆಲೇ ಜಾಹೀರಾತು ಬಂತಲ್ಲ, ಅದು ತಾಂತ್ರಿಕ ತೊಂದರೆಯಲ್ಲ. ಅಕ್ಕ ತಟ್ಟೆಯ ಮೇಲೆಯೇ ಬಿದ್ದರು. ಪಾಯಸದ ಎರಡನೇ ಸೌಟು ಹಾಕಿಸಿಕೊಂಡಿದ್ದರು. ಈಗ ಆಸ್ಪತ್ರೆಯಲ್ಲಿದ್ದಾರೆ. ಜೀವಕ್ಕೆ ಭಯವಿಲ್ಲ ಅಂತ ಡಾಕ್ಟರು ಅಂದಿದ್ದಾರೆ. ಕಾಲಿನ ಬೆರಳು ಮಾತ್ರ ಚೆನ್ನಾಗಿಲ್ಲ.

ಅಕ್ಕನಿಗೆ ಎಷ್ಟೋ ವರ್ಷದಿಂದ ಶುಗರ್ ಇದೆ. ಚಾನೆಲ್ಲಿನಲ್ಲಿ ನನಗೊಬ್ಬನಿಗೆ ಗೊತ್ತಿತ್ತು. ದಿನಾ ಗಾಡಿ ಹತ್ತಿದ ಮೇಲೆ ಕಣ್ಣು ಮುಚ್ಚಿ ಕೂರುತ್ತಿದ್ದರು. "ಅಕ್ಕಾ, ಹೇಳಿಬಿಡಿ ಎಲ್ಲರಿಗೂ" ಅಂದರೆ, "ಹೇಳ್ದ್ರೆ ನಾಳೆಯಿಂದ ಯಾರ್ ಕರೀತ್ರು ತಮಾ? ಶುಗರ್ ಇದ್ದವ್ಳಿಗೆ ವಿಷ ಹಾಕ್ದೆ ಅಂತ ಆ ಹೆಂಗಸ್ರು ಮನೇಲಿ ಕೂತು ಅಳ್ತ್ರು" ಅನ್ನುತ್ತಿದ್ದರು.

ಶಾಂತಾರಾಮಣ್ಣ ಆಸ್ಪತ್ರೆಗೆ ಹಣ್ಣು ತಂದಿದ್ದರು. ಹೊರಗೆ ನನ್ನ ಹತ್ತಿರ, ಹೊಸ ವರ್ಷಕ್ಕೆ ತಯಾರಾಗುತ್ತಾರಾ ಅಂತ ಕೇಳಿದರು. ಅವರು ಕೆಟ್ಟವರಲ್ಲ. ಅವರಿಗೂ ಬೇರೆ ಏನು ಕೇಳಬೇಕು ಅಂತ ತಿಳಿಯಲಿಲ್ಲ.

ಎಂಟನೇ ತಾರೀಕು ನಾವು ಬರುವುದಿಲ್ಲ. ನಿಮ್ಮ ಅವ್ವಿಗೆ ಹೇಗೆ ಹೇಳುತ್ತೀರೋ ಹೇಳಿ.

ಸುಜಯ


ಬೆಳಂಬಾರ
8 ಡಿಸೆಂಬರ್ 2025

ಸುಗಂಧಕ್ಕಾ,

ಇವತ್ತು ಸೋಮವಾರ. ನಾನು ಕೆಲಸಕ್ಕೆ ಹೋಗಲಿಲ್ಲ. ಅವ್ವಿ ಎದ್ದವಳು ಅಭ್ಯಾಸದ ಹಾಗೆ ಒಲೆ ಹೊತ್ತಿಸಿ, ಸುಮ್ಮನೆ ಕೂತಳು. ನೀವು ಬರುವುದಿಲ್ಲ ಅಂತ ಗೊತ್ತಿದ್ದರೂ ನಿನ್ನೆ ರುಬ್ಬಿಟ್ಟದ್ದು ಹುಳಿ ಬಂದು ಪಾತ್ರೆಯಿಂದ ಉಕ್ಕಿತು, ಯಾರೂ ತೆಗೆಯಲಿಲ್ಲ.

"ನಾನೂ ಪಾಯ್ಸನೇ ಮಾಡ್ತಿದ್ದೆ" ಅಂದಳು. ಅಷ್ಟೇ.

ನನಗೆ ನಿಮ್ಮ ಮೇಲೆ ಸಿಟ್ಟು ಬಂದಿದೆ. ನನಗೆ ಒಂದು ಸಾಲು ಬರೆಯಲಿಕ್ಕೆ ಏನಾಗಿತ್ತು? ಬೆರಳು ಹುಣ್ಣಾಗಿದೆ ಅಂತ ಬರೆದಿರಿ. ಸಿಹಿ ಬೇಡ ಅಂತ ಬರೆದು, ಮತ್ತೆ ಇರಲಿ ಅಂದಿರಿ. ಅದನ್ನೆಲ್ಲ ನಾನು ಸೇರಿಸಿ ಓದಬೇಕಿತ್ತಾ? ನನಗೆ ಸೇರಿಸಿ ಓದಲಿಕ್ಕೆ ಬರುವುದಿಲ್ಲ ಅಕ್ಕಾ. ನಾನು ಮೆಸೇಜು ಓದಿ ಬೆಳೆದವಳು. ಒಂದು ಬರುತ್ತದೆ, ಮೇಲೆ ಹೋಗುತ್ತದೆ, ಇನ್ನೊಂದು ಬರುತ್ತದೆ.

ಎರಡೂ ಗ್ರೂಪು ಮುಚ್ಚಿದೆ. ಮುಚ್ಚುವ ಮೊದಲು ಬರೆದೆ, ಅಕ್ಕನಿಗೆ ಹುಷಾರಿಲ್ಲ ಅಂತ. ಸಾಲಾಗಿ ಕೈ ಮುಗಿಯುವ ಚಿತ್ರ ಬಂತು. ಅದರ ಕೆಳಗೇ ಒಬ್ಬ ಕೇಳಿದ, "ಹಾಗಾದ್ರೆ ನಾಳೆ ಯಾರು ತಿಂಬುದು?"

ಕುಮಾರಣ್ಣನ ಅಂಗಡಿಯಲ್ಲಿ ಮತ್ತೆ ಹಳೇ ಕುಸ್ತಿ ಶುರುವಾಗಿದೆ.

ನೀವು ವಾಪಸು ಹೋಗಬೇಡಿ. ಕಾರ್ಯಕ್ರಮ ಹೋದರೆ ಹೋಗಲಿ. ಇದನ್ನು ನಾನು ಬರೆಯುತ್ತೇನೆ ಅಂತ ಸೆಪ್ಟೆಂಬರಿನಲ್ಲಿ ಯಾರಾದರೂ ಹೇಳಿದ್ದರೆ ಜಗಳವಾಡುತ್ತಿದ್ದೆ.

ಮಾನಸಾ


ಕಾರವಾರ
27 ಡಿಸೆಂಬರ್ 2025

ಪ್ರೀತಿಯ ಮಾನಸಾ,

ಮನೆಗೆ ಬಂದಿದ್ದೇನೆ. ಎಡಗಾಲಿನ ಒಂದು ಬೆರಳು ತೆಗೆದರು. ನಡೆಯಲಿಕ್ಕೆ ತೊಂದರೆಯಿಲ್ಲ, ಮೆಟ್ಟಿಲಿನಲ್ಲಿ ಮಾತ್ರ ಜಾಗ್ರತೆ ಬೇಕು. ದಿನವೆಲ್ಲ ನಿದ್ದೆ ಮಾಡುತ್ತೇನೆ, ಎದ್ದರೂ ನಿದ್ದೆ ಮಾಡಿದ ಹಾಗಿರುವುದಿಲ್ಲ.

ನಿನ್ನ ಸಿಟ್ಟು ಸರಿಯಾದದ್ದೇ. ನಿನಗೆ ಹೇಳದೆ ಇದ್ದದ್ದಕ್ಕೆ ಕಾರಣ ದೊಡ್ಡದೇನಲ್ಲ. ನಿನ್ನ ಪತ್ರಗಳಲ್ಲಿ ಮಾತ್ರ ನಾನು ಗಟ್ಟಿಮುಟ್ಟಾದ ಹೆಂಗಸಾಗಿದ್ದೆ. ಅದು ನನಗೆ ಬೇಕಿತ್ತು.

ಶಾಂತಾರಾಮಣ್ಣ ಮೊನ್ನೆ ಬಂದಿದ್ದರು. ಜನವರಿ ಹನ್ನೆರಡಕ್ಕೆ ಮತ್ತೆ ಶುರು ಮಾಡುತ್ತಾರಂತೆ. "ಸುಗಂಧಾ, ಶುಗರ್ ಅಂತ ಹೇಳ್ಬಿಡುವ. ಎಲ್ರೂ ರಾಗಿ ಮಾಡ್ಲಿ, ಹಾಗಲಕಾಯಿ ಮಾಡ್ಲಿ, ಅದಕ್ಕೂ ನೋಡೂರು ಅವ್ರೆ" ಎಂದರು. ನಾನು ಯೋಚಿಸಿದೆ. ರೋಗಿಯೊಬ್ಬಳು ಮನೆಗೆ ಬಂದಳೆಂದು ಮನೆಯವರು ಬಡಿಸಲಿಕ್ಕೆ ಹೆದರುತ್ತಾರೆ. ಬಡಿಸದ ಮೇಲೆ ಅವರೂ ತಿನ್ನುವುದಿಲ್ಲ. ಮತ್ತೆ ಮೊದಲ ದಿನದ ಬೈತಖೋಲದ ಮನೆ, ಎಲ್ಲರೂ ಗೋಡೆಗೆ ಒರಗಿ ಕೂತು ಆರಿದ ದೋಸೆ ನೋಡುವುದು. ನಾನು ತಿಂದರೆ ಇನ್ನೊಂದು ಬೆರಳು. ತಿನ್ನದಿದ್ದರೆ ಕಾರ್ಯಕ್ರಮವಿಲ್ಲ. ಮೂರನೇ ದಾರಿ ನನಗೆ ಕಾಣುವುದಿಲ್ಲ. ಹುಡುಕುವ ಶಕ್ತಿಯೂ ಇಲ್ಲ.

ರೂಪಾಲಿಗೆ ಬಿಟ್ಟುಕೊಡೋಣ ಎಂದಿದ್ದೇನೆ. ಮೊನ್ನೆ ಅವಳೂ ಬಂದಿದ್ದಳು. "ಅಕ್ಕಾ, ಸಾಕು ಅಂತ ಹೇಳುದು ಹ್ಯಾಂಗೆ, ಅಷ್ಟು ಕಲ್ಸಿಕೊಡಿ" ಎಂದಳು. ನನಗೆ ನಗು ಬಂತು. ಕಲಿತವಳನ್ನು ಕೇಳಬೇಕಿತ್ತು ಅವಳು.

ಶಾಂತಾರಾಮಣ್ಣನಿಗೆ ಏಳನೇ ತಾರೀಕಿನೊಳಗೆ ಉತ್ತರ ಹೇಳಬೇಕು. ನಿನ್ನ ಅವ್ವಿಗೆ ನನ್ನ ನಮಸ್ಕಾರ ತಿಳಿಸು. ಸುಣ್ಣ ಹೊಡೆದ ಗೋಡೆಯನ್ನು ನೋಡುವ ಆಸೆಯಿತ್ತು.

ಸುಗಂಧಾ


ಬೆಳಂಬಾರ
3 ಜನವರಿ 2026

ಅಕ್ಕಾ,

ಉತ್ತರ ಹೇಳಬೇಡಿ. ಇದನ್ನು ಓದಿ ಆಮೇಲೆ ಹೇಳಿ.

ನಿಮ್ಮ ಕಾಗದವನ್ನು ನಾನು ಅವ್ವಿ, ಅಜ್ಜಿ ಇಬ್ಬರಿಗೂ ಓದಿ ಹೇಳಿದೆ. ಓದುತ್ತಾ ಓದುತ್ತಾ ನನಗೊಂದು ಹೊಳೆಯಿತು. ನೀವು ತಿನ್ನಬಾರದು, ಸರಿ. ಬೇರೆ ಯಾರೂ ತಿನ್ನುವುದಿಲ್ಲ ಅನ್ನುವುದೇ ತಾನೇ ತೊಂದರೆ? ಯಾರಾದರೂ ಒಬ್ಬರು ತಿಂದರೆ?

"ನಾನು ತಿಂತೆ" ಅಂದೆ. "ಅಕ್ಕನ ಎದ್ರಿಗೆ. ಅಕ್ಕಂಗೆ ಎಂತದೂ ಬಡಿಸೂದು ಬೇಡ."

ಅವ್ವಿ ನನ್ನನ್ನು ನೋಡಿದ ರೀತಿ! "ನೆಂಟ್ರನ್ನ ಖಾಲಿ ಕೂರ್ಸಿ ನೀ ತಿಂಬುದಾ? ನಾ ಸತ್ತಮೇಲೆ ತಿನ್ನು."

"ಕೊಟ್ರೆ ಅವ್ರ ಬೆರಳು ಹೋಗ್ತದೆ ಅವ್ವಿ."

"ಗೊತ್ತದೆ. ಗೊತ್ತಿದ್ರೂ ಕೈ ಕೇಳೂದಿಲ್ಲ ಮಾರಾಯ್ತಿ. ಖಾಲಿ ತಟ್ಟೆ ಕಂಡ್ರೆ ನನ್ನ ಕೈ ತನ್ನಷ್ಟಕ್ಕೇ ಸೌಟು ಹಿಡೀತದೆ."

ಅಜ್ಜಿ ಅಷ್ಟು ಹೊತ್ತು ಗೋಡೆಗೆ ಒರಗಿ ಕಣ್ಣು ಮುಚ್ಚಿದ್ದಳು, ಮಲಗಿದ್ದಾಳೆ ಅಂದುಕೊಂಡಿದ್ದೆ. ಕಣ್ಣು ಬಿಡದೇ ಹೇಳಿದಳು: "ಭತ್ತದ ನೆಟ್ಟಿಗೆ ಹೋದಾಗ ಗದ್ದೆ ಬದುವಲ್ಲಿ ಕೂತು ಗಂಜಿ ಉಂಬುವಾಗ ಯಾರಿಗೆ ಯಾರು ಬಡ್ಸಿದ್ರು? ಹಸಿದೋರು ಉಂಡ್ರು. ಹೊಟ್ಟೆ ಸರಿ ಇಲ್ದೋರು ಬದಿಗೆ ಕಾಲು ಚಾಚಿ ಕೂತು ಕತೆ ಹೇಳಿದ್ರು. ಅವ್ರು ನೆಂಟ್ರಲ್ಲ, ನಮ್ಮ ಸಂಗಡ ದಣಿದೋರು. ಆ ಹುಡ್ಗಿ ಇನ್ನೂ ನೆಂಟ್ರಾ? ಅದೂ ದಣಿದದ್ಯೆ."

ಅವ್ವಿ ಎದ್ದು ಹಿತ್ತಲಿಗೆ ಹೋದಳು. ಬಂದವಳು ಕೇಳಿದಳು, "ಚಾ ಆದ್ರೂ ಕೊಡೂಕೆ ಅಡ್ಡಿಲ್ವಾ? ಸಕ್ರೆ ಹಾಕ್ದೇ?"

ಅಲ್ಲಿಗೆ ಒಪ್ಪಿದಳು ಅಂತ ಲೆಕ್ಕ.

ಆದರೆ ತಿಂದು ನೋಡಬೇಕಲ್ಲ! ಸುಲಭ ಅಂದುಕೊಂಡಿದ್ದೆ. ಮರುದಿನ ಬೆಳಿಗ್ಗೆ ಕುಮಾರಣ್ಣನ ಅಂಗಡಿಗೆ ಹೋಗಿ, ಎಲ್ಲರೂ ಬರೀ ಚಾ ಕುಡಿಯುವ ಹೊತ್ತಿಗೆ, ನಡು ಬೆಂಚಿನಲ್ಲಿ ಕೂತು ಬನ್ಸು ಭಾಜಿ ತರಿಸಿದೆ. ಯಾರಿಗೂ "ಬನ್ನಿ, ತಿನ್ನಿ" ಅನ್ನಲಿಲ್ಲ. ಅಷ್ಟು ಅನ್ನದಿರುವುದೇ ನಾಲಿಗೆಗೆ ಭಾರ ಅಕ್ಕಾ. ಮೊದಲ ತುತ್ತು ಬಾಯೊಳಗೆ ಅತ್ತಿಂದಿತ್ತ ತಿರುಗಿತು, ಇಳಿಯಲಿಲ್ಲ. ಎಲ್ಲರೂ ನೋಡುತ್ತಿದ್ದಾರೆ. ನೋಡದವರು ನೋಡದ ಹಾಗೆ ನೋಡುತ್ತಿದ್ದಾರೆ.

ಒಬ್ಬ ಕೇಳಿದ, "ಎಂತಾ ತಂಗಿ, ಮನೇಲಿ ಜಗಳ ಮಾಡ್ಕಂಡು ಬಂದ್ಯಾ?"

ಕುಮಾರಣ್ಣ, "ಸುಮ್ನಿರಾ, ಪಾಪ, ಹಸಿದು ಬಂದದೆ" ಅಂದ. ಆಗಂತೂ ಇಳಿಯಲೇ ಇಲ್ಲ. ನೀವು ಅಷ್ಟೊಂದು ಮನೆಗಳಲ್ಲಿ ಇದನ್ನು ಹೇಗೆ ಮಾಡಿದಿರಿ? ನಾವೆಲ್ಲ ಇಲ್ಲೇ ಕೂತು ಶಿಳ್ಳೆ ಹೊಡೆಯುತ್ತಿದ್ದೆವಲ್ಲ.

ಎದ್ದು ಬಂದುಬಿಟ್ಟೆ. ಮರುದಿನ ಮತ್ತೆ ಹೋದೆ. ಅರ್ಧ ಇಳಿಯಿತು. ಇವತ್ತು ಪೂರ್ತಿ ತಿಂದು ಕೈ ತೊಳೆದು ಬಂದೆ. ಇವತ್ತು ಯಾರೂ ಏನೂ ಕೇಳಲಿಲ್ಲ. ಒಬ್ಬ ಮುದುಕ ಎದುರು ಬೆಂಚಿನಿಂದ ಎದ್ದು ಬಂದು, ತಾನೂ ಒಂದು ಬನ್ಸು ಹೇಳಿ, ನನ್ನ ಬದಿಗೇ ಕೂತು ತಿಂದ.

ಇದು ಗೆಲ್ಲುತ್ತದೆ ಅಂತ ನಾನು ಹೇಳುವುದಿಲ್ಲ. ಮೊದಲಿನ ಹಾಗೆ ಎಲ್ಲ ಗೊತ್ತಿರುವವಳ ಥರ ಬರೆಯುವ ಧೈರ್ಯ ನನಗೀಗ ಇಲ್ಲ. ಬ್ಯಾನರಿನಲ್ಲಿ ದೋಸೆ ಹಿಡಿದ ಅಕ್ಕ ಬೇಕು ಅನ್ನುವವರು ಕುಸ್ತಿಗೆ ಹೋಗಬಹುದು. ಶಾಂತಾರಾಮಣ್ಣ ಅರ್ಧಕ್ಕೇ ಜಾಹೀರಾತು ಹಾಕಬಹುದು. ನೋಡುವವರು ನಮ್ಮ ಅಜ್ಜಿ ಒಬ್ಬಳೇ ಉಳಿಯಬಹುದು, ಅವಳೂ ಅವತ್ತು ಟಿವಿ ಒಳಗೇ ಕೂತಿರುತ್ತಾಳೆ. ಆದರೆ ಒಮ್ಮೆ ಒಬ್ಬರು ತಿಂದದ್ದನ್ನು ಜನ ನೋಡಿದರೆ, ಮರುದಿನದ ಮನೆಯವರಿಗೆ ಸ್ವಲ್ಪ ಸುಲಭವಾಗುತ್ತದೆ. ನಂತರದ ಮನೆಯವರಿಗೆ ಇನ್ನೂ ಸ್ವಲ್ಪ. ರೂಪಾಲಿಗೂ "ಸಾಕು" ಅನ್ನುವುದನ್ನು ಕಲಿಯುವ ಕೆಲಸ ಇರುವುದಿಲ್ಲ.

ಹನ್ನೆರಡನೇ ತಾರೀಕು, ಸೋಮವಾರ, ನಮ್ಮ ಮನೆ. ನಿಮಗೆ ಕಾಲು ಚಾಚಲಿಕ್ಕೆ ಜಗುಲಿಯ ಮೇಲೆ ಚಾಪೆ, ಬೆನ್ನಿಗೆ ದಿಂಬು. ಮೆಟ್ಟಿಲು ಎರಡೇ ಇವೆ, ಸುಜಯಣ್ಣ ಕೈ ಹಿಡಿಯಲಿ. ಒಂದು ಲೋಟ ಚಾ, ಸಕ್ಕರೆ ಇಲ್ಲ. ನಿಮ್ಮ ಎದುರು ತಟ್ಟೆ ಇರುವುದಿಲ್ಲ, ಕಂಡರೆ ಅವ್ವಿಯ ಕೈ ಕೇಳುವುದಿಲ್ಲ ಅಂದಳಲ್ಲ, ಅದಕ್ಕೆ. ಅವ್ವಿ ಸೌಟು ಅಜ್ಜಿಯ ಹತ್ತಿರ ಕೊಟ್ಟು ಕೂರುತ್ತಾಳೆ. ನಾನು ತಿನ್ನುತ್ತೇನೆ. ದೃಷ್ಟಿ ಬೀಳುವುದಿದ್ದರೆ ನನ್ನ ಮೇಲೆ ಬೀಳಲಿ, ಹತ್ತೊಂಬತ್ತಕ್ಕೆ ಅದನ್ನೂ ಅರಗಿಸಿಕೊಳ್ಳುತ್ತೇನೆ.

ನಿಮ್ಮ ಸಂಗಡ ದಣಿಯಲಿಕ್ಕೆ ಕಲಿಯುತ್ತಿರುವ,
ಮಾನಸಾ

ತಾ.ಕ.: ಅವ್ವಿ ಕೇಳು ಅಂದದ್ದು ಇದು. ಅರ್ಧ ತಾಸು ನಿಮ್ಮನ್ನು ಖಾಲಿ ಕೂರಿಸಲಿಕ್ಕೆ ಅವಳು ಗಟ್ಟಿ ಮನಸ್ಸು ಮಾಡಿದ್ದಾಳೆ. ಅಷ್ಟು ಜನರೆದುರು ಖಾಲಿ ಕೂರಲಿಕ್ಕೆ ನಿಮಗೆ ಧೈರ್ಯ ಇದೆಯಾ ಅಕ್ಕಾ?